ಗಾಯ ನಿಜ, ಲೆಕ್ಕ ಸುಳ್ಳು: ಇಂಗ್ಲೆಂಡಿನ ಒಂದು ಪರಿಹಾರದ ಕೇಸು

ಅಪಘಾತದ ಪರಿಹಾರ ಕೇಳುವಾಗ ನೋವನ್ನು ಸ್ವಲ್ಪ ಹೆಚ್ಚಿಸಿ ಬರೆಸಿದರೆ ಏನು ತಪ್ಪು ಎಂದು ಕೇಳುವವರು ನಮ್ಮ ಸುತ್ತ ಇದ್ದಾರೆ. ಅವರಿಗೆ ಇಂಗ್ಲೆಂಡಿನ ಈ ಕಥೆ ಹೇಳಬೇಕು ಅನ್ನಿಸಿತು.

2003ರಲ್ಲಿ ಫೇರ್‌ಕ್ಲಫ್ ಹೋಮ್ಸ್ ಎಂಬ ಮನೆ ಕಟ್ಟುವ ಕಂಪನಿಯ ಕಾರ್ಮಿಕನೊಬ್ಬ ಸಾಮಾನು ಎತ್ತಿಡುವ ವಾಹನದಿಂದ ಬಿದ್ದ. ಕೈಯ ಮೂಳೆ, ಹಿಮ್ಮಡಿಯ ಮೂಳೆ ಮುರಿದವು. ತಪ್ಪು ಕಂಪನಿಯದೇ ಎಂದು 2007ರಲ್ಲಿ ಕೋರ್ಟು ಹೇಳಿತು. ಉಳಿದದ್ದು ಎಷ್ಟು ದುಡ್ಡು ಎಂಬ ಪ್ರಶ್ನೆ ಮಾತ್ರ.

ಆತ ಕೇಳಿದ್ದು 8 ಲಕ್ಷ 38 ಸಾವಿರ ಪೌಂಡಿಗೂ ಹೆಚ್ಚು. ಎದುರು ಪಕ್ಷದವರು ಗುಟ್ಟಾಗಿ ವಿಡಿಯೊ ತೆಗೆಸಿದರು. ಆತ ಕೋರ್ಟಿಗೆ ಹೇಳಿದ ಅವಸ್ಥೆಗೂ ವಿಡಿಯೊದಲ್ಲಿ ಕಂಡದ್ದಕ್ಕೂ ತಾಳೆಯಾಗಲಿಲ್ಲ. ಸುಳ್ಳು ಸಾಬೀತಾದ ಮೇಲೂ ನ್ಯಾಯಾಧೀಶರು ನಿಜವಾದ ಗಾಯಕ್ಕೆ 88,716 ಪೌಂಡ್ ಕೊಟ್ಟರು.

ಸುಳ್ಳು ಹೇಳಿದವನಿಗೆ ಒಂದು ಕಾಸೂ ಕೊಡಬಾರದು ಎಂದು ಎದುರು ಪಕ್ಷ ಸುಪ್ರೀಂ ಕೋರ್ಟಿಗೆ ಹೋಯಿತು. 2012ರ ಜೂನ್ 27ರಂದು ತೀರ್ಪು ಬಂತು. ಇಡೀ ಕೇಸನ್ನೇ ವಜಾ ಮಾಡುವ ಅಧಿಕಾರ ಕೋರ್ಟಿಗೆ ಇದೆ, ಆದರೆ ಅದನ್ನು ತೀರಾ ಅಪರೂಪಕ್ಕೆ ಬಳಸಬೇಕು. ಸುಳ್ಳಿಗೆ ನ್ಯಾಯಾಂಗ ನಿಂದನೆಯಂಥ ಬೇರೆ ಶಿಕ್ಷೆಗಳಿವೆ ಎಂದಿತು. ಆತನ 88,716 ಪೌಂಡ್ ಉಳಿಯಿತು.

ನ್ಯಾಯಾಂಗ ನಿಂದನೆ ಅಂದರೆ ಜಡ್ಜರನ್ನು ಬೈಯುವುದು ಎಂದಷ್ಟೇ ನಾವು ತಿಳಿದಿದ್ದೇವೆ. ಇಂಗ್ಲೆಂಡಿನಲ್ಲಿ ಅದರ ಇನ್ನೊಂದು ಮುಖ ಬಲವಾದದ್ದು ಲಾರ್ಡ್ ವುಲ್ಫ್ ಅವರ ಶಿಫಾರಸಿನಂತೆ 1999ರ ಏಪ್ರಿಲ್‌ನಲ್ಲಿ ಹೊಸ ಸಿವಿಲ್ ನಿಯಮಗಳು ಬಂದ ಮೇಲೆ. ಪರಿಹಾರದ ಅರ್ಜಿಯಲ್ಲಿ 'ಇದರಲ್ಲಿರುವುದು ನಿಜ' ಎಂದು ಸಹಿ ಹಾಕಬೇಕು. ನಿಜವೆಂಬ ನಂಬಿಕೆಯಿಲ್ಲದೆ ಸಹಿ ಹಾಕಿದರೆ ಅದೇ ನಿಂದನೆ. 1981ರ ಕಾಯ್ದೆಯಂತೆ ಎರಡು ವರ್ಷದವರೆಗೆ ಜೈಲು. ಕೇಸು ಹೂಡಲು ಮೊದಲು ಕೋರ್ಟಿನ ಅನುಮತಿ ಬೇಕು, ಸುಳ್ಳನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕು. ಸುಮ್ಮನೆ ಬಡವರನ್ನು ಹೆದರಿಸಲು ಆಗದಂತೆ ಇಟ್ಟ ಬೇಲಿ ಇದು.

2011ರಲ್ಲಿ ಸೌತ್ ವೇಲ್ಸ್ ಅಗ್ನಿಶಾಮಕ ಸೇವೆ ಹೂಡಿದ ಕೇಸಿನಲ್ಲಿ ನ್ಯಾಯಮೂರ್ತಿ ಮೋಸೆಸ್, ಇಂಥ ಸುಳ್ಳು ಹೇಳುವವರು ಜೈಲಿಗೆ ಸಿದ್ಧರಾಗಿರಬೇಕು ಎಂಬ ಎಚ್ಚರಿಕೆ ಕೊಟ್ಟರು. 2015ರಲ್ಲಿ ಪಾರ್ಲಿಮೆಂಟು ಇನ್ನೊಂದು ಹೆಜ್ಜೆ ಮುಂದಿಟ್ಟಿತು: ಬುಡದಲ್ಲೇ ಅಪ್ರಾಮಾಣಿಕತೆ ಕಂಡರೆ, ತೀರಾ ಅನ್ಯಾಯವಾಗದ ಹೊರತು, ನಿಜವಾದ ಗಾಯದ ಪರಿಹಾರವೂ ಇಲ್ಲ.

ಸಿಕ್ಕಿಬಿದ್ದವರು ಗಾಯಾಳುಗಳು ಮಾತ್ರವಲ್ಲ. ಟ್ಯಾಕ್ಸಿ ಚಾಲಕನೊಬ್ಬನಿಗೆ ವಾರದಲ್ಲೇ ನೋವು ವಾಸಿಯಾಗಿದೆ ಎಂದು ಬರೆದಿದ್ದ ವೈದ್ಯರು, ವಕೀಲರು ಕೇಳಿದರೆಂದು ನೋವು ಇನ್ನೂ ತಿಂಗಳುಗಟ್ಟಲೆ ಇರುತ್ತದೆ ಎಂದು ವರದಿ ತಿದ್ದಿಕೊಟ್ಟರು. ಮೊದಲ ವರದಿಯೂ ಕೈತಪ್ಪಿನಿಂದ ಕೋರ್ಟಿನ ಕಾಗದಗಳ ಜೊತೆ ಸೇರಿ ಹೋಯಿತು, ಗುಟ್ಟು ಬಯಲಾಯಿತು. ವಕೀಲರಿಗೆ 15 ತಿಂಗಳ ಜೈಲು. ವೈದ್ಯರಿಗೆ ಆರು ತಿಂಗಳ ಶಿಕ್ಷೆಯಾದರೂ ಅದನ್ನು ಅಮಾನತಿನಲ್ಲಿಟ್ಟರು. ಅದು ತೀರಾ ಕಡಿಮೆಯಾಯಿತು ಎಂದು 2019ರಲ್ಲಿ ಮೇಲ್ಮನವಿ ಕೋರ್ಟು ಹೇಳಿತು.

ನಮ್ಮ ನ್ಯಾಯಾಂಗ ನಿಂದನೆ ಕಾನೂನಿನ ಬೇರು ಇಂಗ್ಲೆಂಡಿನದೇ. 1971ರ ಕಾಯ್ದೆಯಲ್ಲಿ ಆರು ತಿಂಗಳವರೆಗೆ ಸಾದಾ ಸಜೆ, 2,000 ರೂಪಾಯಿವರೆಗೆ ದಂಡ ಇದೆ. ಕೋರ್ಟನ್ನು ದಾರಿ ತಪ್ಪಿಸಲು ಸುಳ್ಳು ಅಫಿಡವಿಟ್ ಕೊಡುವುದೂ ನಿಂದನೆಯೇ ಎಂದು 1995ರಲ್ಲಿ ನಮ್ಮ ಸುಪ್ರೀಂ ಕೋರ್ಟು ಹೇಳಿದೆ. ಉತ್ತರ ಪ್ರದೇಶದಲ್ಲಿ ನಕಲಿ ಅಪಘಾತ ಕೇಸುಗಳು ಹೆಚ್ಚಾದಾಗ 2015ರಲ್ಲಿ ಹೈಕೋರ್ಟು ವಿಶೇಷ ತನಿಖಾ ತಂಡವನ್ನೇ ಮಾಡಿಸಿತು.

ಈ ಇತಿಹಾಸದಲ್ಲಿ ನಮ್ಮನ್ನು ಕಾಡುವುದು ಆ ಕಾರ್ಮಿಕನೇ. ಅವನ ಮೂಳೆ ಮುರಿದದ್ದು ನಿಜ. ಅದೇ ಸುಳ್ಳನ್ನು 2015ರ ನಂತರ ಹೇಳಿದ್ದರೆ ಆ 88 ಸಾವಿರವೂ ಕೈತಪ್ಪುವ ಸಂಭವವಿತ್ತು. ಒಬ್ಬರ ಸುಳ್ಳಿನಿಂದ ಮುಂದಿನವರ ನಿಜವಾದ ನೋವನ್ನೂ ವಿಮೆಯವರು ಅನುಮಾನದಿಂದ ನೋಡುತ್ತಾರೆ. ಅದಕ್ಕೇ ನಮ್ಮದೊಂದು ಮಾತು: ಅರ್ಜಿ ಯಾರೇ ಬರೆಯಲಿ, ಅದರ ಕೆಳಗಿನ ಸಹಿ ನಿಮ್ಮದು. ಓದಿಸಿ ಕೇಳಿಯೇ ಸಹಿ ಹಾಕಿ. ಖಾಲಿ ಕಾಗದಕ್ಕಂತೂ ಹೆಬ್ಬೆಟ್ಟು ಒತ್ತಲೇಬೇಡಿ.