ಲೆಕ್ಕಕ್ಕೆ ಸಿಗದ ನಡಿಗೆ

ಶಿರಸಿಯಲ್ಲಿ ಬೆಳಗಿನ ನಡಿಗೆಗೆ ಹೊರಡುವ ಗೆಳತಿಯರ ಮುಂಗೈಯಲ್ಲಿ ಈಗ ಹೆಜ್ಜೆ ಎಣಿಸುವ ಗಡಿಯಾರವಿದೆ. ಇಷ್ಟು ಕ್ಯಾಲೊರಿ ಕರಗಿತೆಂದು ಅದಕ್ಕೆ ತಿಳಿಯುವುದು ಹೇಗೆ?

1965ರಲ್ಲಿ ಜಪಾನಿನಲ್ಲಿ ‘ಮಾನ್ಪೊಕೇ’ ಎಂಬ ಎಣಿಕೆಯಂತ್ರ ಮಾರಾಟಕ್ಕೆ ಬಂತು. ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂದು ಆ ಹೆಸರಿನ ಅರ್ಥ. ಇಂದಿನ ಗಡಿಯಾರ ಕೈಯ ಬೀಸಿನಿಂದ ಹೆಜ್ಜೆ ಗುರುತಿಸಿ, ನಾವು ತಿಳಿಸಿದ ತೂಕ, ಎತ್ತರ, ವಯಸ್ಸು ಸೇರಿಸಿ ಅಂದಾಜು ಹೇಳುತ್ತದೆ. ಕೆಲವು ನಾಡಿಬಡಿತವನ್ನೂ ನೋಡುತ್ತವೆ. ಸುಮ್ಮನೆ ಕುಳಿತರೆ ಒಂದು ಕಿಲೊ ತೂಕಕ್ಕೆ ಗಂಟೆಗೆ ಸುಮಾರು 1 ಕ್ಯಾಲೊರಿ. ಸಾಧಾರಣ ನಡಿಗೆಗೆ ಅದರ ಮೂರೂವರೆ ಪಟ್ಟು. 60 ಕಿಲೊ ತೂಕದವರಿಗೆ ಗಂಟೆಗೆ 210. ನಮ್ಮ ಶಾಲೆಯ ಮಕ್ಕಳೂ ಮಾಡಬಲ್ಲ ಗುಣಾಕಾರ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹೆಂಗಸರ ಹಳೆಯ ನಡಿಗೆ ಇದಕ್ಕೆ ಸಿಗುವಂಥದ್ದಲ್ಲ. ಬೆಟ್ಟದಿಂದ ಸೊಪ್ಪು ತರುವಾಗ ಕೈ ಹೊರೆಯನ್ನು ಹಿಡಿದಿರುತ್ತದೆ, ಬೀಸುವುದಿಲ್ಲ. ಹೆಜ್ಜೆಗಳ ಎಣಿಕೆಯೇ ತಪ್ಪುತ್ತದೆ. ತಲೆಯ ಮೇಲಿನ ಭಾರ ಆ ಗುಣಾಕಾರದಲ್ಲಿಲ್ಲ. ಆದರೆ ಅದೇ ಸೊಪ್ಪು ಕೊಟ್ಟಿಗೆಯಲ್ಲಿ ಗೊಬ್ಬರವಾಗಿ ಅಡಿಕೆ ತೋಟಗಳನ್ನು ಸಾಕಿತು. 1983ರ ಸೆಪ್ಟೆಂಬರ್ 8ರಂದು ಸಾಲ್ಕಣಿಯ ಜನ ಕಾಡಿಗೆ ನಡೆದು, ಮರಗಳನ್ನು ಅಪ್ಪಿ ಕೊಡಲಿ ತಡೆದಾಗ ಅವರಲ್ಲಿ ಹೆಂಗಸರೂ ಇದ್ದರು. ಕಾಡು ಹಿಂದೆ ಸರಿದಷ್ಟೂ ಸೊಪ್ಪಿನ ದಾರಿ ಉದ್ದವಾಗುತ್ತದೆಂದು ಅವರ ಕಾಲಿಗೆ ಗೊತ್ತಿತ್ತು.

ನಮ್ಮ ಮನೆಯ ಹಳೆಯ ಲೆಕ್ಕದ ಪುಸ್ತಕದಲ್ಲಿ ಆಳುಗಳ ಕೂಲಿ ಇದೆ, ಅಡಿಕೆಯ ದರ ಇದೆ. ಅಮ್ಮ ಹೊತ್ತ ಹೊರೆಗೆ ಒಂದು ಸಾಲೂ ಇಲ್ಲ.