ಸಿನಿಮಾ ಆಚೆಯ ಹಾಡು, ಭಾಗ 3: ಇಂಡೀ ಹೊಸದೇನಲ್ಲ

ಕನ್ನಡ ಇಂಡೀ ಸ್ಪಾಟಿಫೈ ಬಂದ್ಮೇಲೆ ಶುರುವಾಯ್ತು ಅನ್ಕೊಂಡಿದ್ದೀರಾ? ನಾನೂ ಹಾಗೇ ಅನ್ಕೊಂಡಿದ್ದೆ.

1978. ಕವಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ ಬಂತು. ಹೀರೋ ಇಲ್ಲ, ಕಥೆ ಇಲ್ಲ, ಬರೀ ಕವಿತೆ. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅಂತ ಅದಕ್ಕೆ ಹೆಸರು.

ಆಮೇಲೆ ಸಿ. ಅಶ್ವತ್ಥ್ ಶಿಶುನಾಳ ಶರೀಫರ ತತ್ವಪದಗಳನ್ನ ಮನೆಮನೆಗೆ ಮುಟ್ಟಿಸಿದ್ರು. ಅದೇ 19ನೇ ಶತಮಾನದ ಪದಗಳನ್ನ ಗಿಟಾರ್ ಹಿಡಿದು ಹಾಡಿದವರು ಮೈಸೂರಲ್ಲಿ ಬೆಳೆದ ರಘು ದೀಕ್ಷಿತ್. ಅವರ ಮೊದಲ ಆಲ್ಬಮ್ 'ಅಂತರಾಗ್ನಿ' 2008ರಲ್ಲಿ ಬಂತು. ಹೊರತಂದಿದ್ದು ಬಾಲಿವುಡ್‌ನ ಸಂಗೀತ ನಿರ್ದೇಶಕರು ವಿಶಾಲ್-ಶೇಖರ್.

ಈಗ ಸ್ವಲ್ಪ ಬಿಕಾಂ ಲೆಕ್ಕ. ಕ್ಯಾಸೆಟ್ ಕಾಲದಲ್ಲಿ ಹಾಡು ಅಂಗಡಿಗೆ ಹೋಗೋಕೆ ಕಂಪನಿ ಬೇಕಿತ್ತು. ಈಗ ರೂಮಲ್ಲೇ ರೆಕಾರ್ಡ್ ಮಾಡಿ ಅಪ್‌ಲೋಡ್ ಮಾಡ್ಬಹುದು. ಆದ್ರೆ ಒಂದು ಸ್ಟ್ರೀಮಿಗೆ ಒಂದು ರೂಪಾಯಿನೂ ಬರಲ್ಲ. ಹಾಡು ಹಾಕೋದು ಸುಲಭ ಆಯ್ತು, ಹಾಕಿದ ದುಡ್ಡು ವಾಪಸ್ ಬರೋದು ಆಗ್ಲಿಲ್ಲ. ಅದಕ್ಕೇ ಸಣ್ಣ ಬ್ಯಾಂಡ್‌ಗಳಿಗೆ ಶೋ ಮುಖ್ಯ.

ಹೋದ ಸಲ ನಮ್ಮ ಕ್ಲಾಸಿನ ಹುಡುಗ್ರ ಶೋಗೆ 'ಪಾಸ್ ಇದ್ಯಾ ಮಗಾ' ಅಂತ ಮೆಸೇಜ್ ಹಾಕಿ ಪುಕ್ಕಟೆ ಹೋಗಿದ್ದೆ. ಮುಂದೆ ನಿಂತು ಕೂಗಿದ್ದೂ ನಾನೇ. ಸೌಂಡ್‌ನವರಿಗೆ ಕೊಡೋಕೆ ಅವರು ತಮ್ಮ ಪಾಕೆಟ್ ಮನಿ ಹಾಕಿದ್ರು ಅಂತ ಒಂದು ವಾರ ಆದ್ಮೇಲೆ ಗೊತ್ತಾಯ್ತು. ತುಂಬಾ ನಾಚಿಕೆ ಆಯ್ತು.

ಈ ಶನಿವಾರ ಅವರದ್ದು ಮತ್ತೆ ಶೋ ಇದೆ, ಎರಡು ಹೊಸ ಹಾಡು ಹಾಡ್ತಾರಂತೆ. ಈ ಸಲ ಟಿಕೆಟ್ ತಗೊಂಡಿದೀನಿ. ನೀವೂ ತಗೊಂಡೇ ಬನ್ನಿ.

ಮನೇಲಿ ಹಳೇ ಭಾವಗೀತೆ ಕ್ಯಾಸೆಟ್ ಇದ್ರೆ ಫೋಟೋ ಕಳ್ಸಿ, ಭಾಗ 4ರಲ್ಲಿ ಹಾಕ್ತೀನಿ.