ಅನಾನಸು, ಆಲೂಗಡ್ಡೆ ಮತ್ತು ಕಿಟಕಿಯ ಬೆಳಕು

ಈಗ ಹೋಟೆಲಿನಲ್ಲಿ ತಟ್ಟೆ ಬಂದರೆ ಮೊದಲು ಮೊಬೈಲಿಗೆ ನೈವೇದ್ಯ, ಆಮೇಲೆ ನಮ್ಮ ಹೊಟ್ಟೆಗೆ. ನನ್ನ ವಯಸ್ಸಿನವರು ಇದನ್ನು ಕಂಡು "ಏನು ಕಾಲ ಬಂತಪ್ಪಾ" ಅನ್ನುತ್ತಾರೆ. ಆದರೆ ಹಳೆಯ ಲೆಡ್ಜರ್ ತೆಗೆದು ನೋಡಿದರೆ ಇದು ಹೊಸ ಚಟವಲ್ಲ. ಫೋಟೋಗ್ರಫಿ ಕಣ್ಣು ಬಿಟ್ಟದ್ದೇ ಮನೆಯಲ್ಲಿ, ಹೆಚ್ಚುಕಡಿಮೆ ಊಟದ ಮೇಜಿನ ಪಕ್ಕದಲ್ಲಿ.

ಫ್ರಾನ್ಸಿನ ನಿಯೆಪ್ಸ್ 1833ರಲ್ಲಿ ತೀರಿಕೊಂಡ. ಅವನದೆಂದು ಹೇಳುವ ಒಂದು ಚಿತ್ರದಲ್ಲಿ ಇರುವುದು ಊಟಕ್ಕೆ ಅಣಿಮಾಡಿದ ಮೇಜು, ಅಷ್ಟೇ. ಮೂಲ ಕಳೆದುಹೋಗಿದೆ, ಪ್ರತಿ ಉಳಿದಿದೆ. ಇಂಗ್ಲೆಂಡಿನ ಟಾಲ್ಬಟ್ 1844ರಿಂದ 1846ರವರೆಗೆ ಕಂತುಗಳಲ್ಲಿ ಹೊರತಂದ 'ದ ಪೆನ್ಸಿಲ್ ಆಫ್ ನೇಚರ್' ಪುಸ್ತಕದ ಕೊನೆಯ ಚಿತ್ರ ಹಣ್ಣಿನ ಬುಟ್ಟಿಗಳದ್ದು, ಅದರಲ್ಲೊಂದು ಅನಾನಸು. ಹಣ್ಣೇ ಯಾಕೆ ಅಂದರೆ ಕಾರಣ ಸರಳ. ಆಗ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಮಕ್ಕಳು ಅಷ್ಟು ಹೊತ್ತು ಕೂರುತ್ತಾರೆಯೇ? ಅನಾನಸು ಕೂರುತ್ತದೆ.

ಇನ್ನೊಂದು ಮಜಾ ನೋಡಿ. ಅಡುಗೆಮನೆ ಚಿತ್ರದ ಎದುರಿಗೆ ಮಾತ್ರ ಅಲ್ಲ, ಚಿತ್ರದ ಒಳಗೂ ಇತ್ತು. ಟಾಲ್ಬಟ್ ತನ್ನ ಪ್ರತಿಗಳಿಗೆ ಕಾಗದವನ್ನು ಉಪ್ಪುನೀರಿನಲ್ಲಿ ನೆನೆಸಿ ಮೇಲೆ ಬೆಳ್ಳಿಯ ದ್ರಾವಣ ಬಳಿಯುತ್ತಿದ್ದ. 1850ರಲ್ಲಿ ಬ್ಲಾಂಕಾರ್-ಎವ್ರಾರ್ ಮೊಟ್ಟೆಯ ಬಿಳಿಭಾಗ ಸವರಿದ ಕಾಗದ ತಂದ. 1871ರಲ್ಲಿ ಮ್ಯಾಡಾಕ್ಸ್ ಎಂಬ ವೈದ್ಯ ಜೆಲಟಿನ್ ಹಿಡಿದ, ಅದು ಪ್ರಾಣಿಗಳ ಮೂಳೆ ಚರ್ಮದ್ದು. ಮಡಿ ಮನೆಯ ಗೋಡೆಯ ಮೇಲೆ ಗಂಧದ ಹಾರ ಹಾಕಿಸಿಕೊಂಡ ತಾತನ ಫೋಟೋ ಒಳಗೂ ಮೊಟ್ಟೆಯೋ ಮೂಳೆಯೋ ಇದ್ದೇ ಇತ್ತು. ಯಾರೂ ಕೇಳಲಿಲ್ಲ, ಒಳ್ಳೆಯದಾಯಿತು.

ಬಣ್ಣದ ಕತೆ ಇನ್ನೂ ಸ್ವಾರಸ್ಯ. ಹಳೆಯ ಪ್ಲೇಟುಗಳಿಗೆ ನೀಲಿ ಚೆನ್ನಾಗಿ ಕಾಣುತ್ತಿತ್ತು, ಕೆಂಪು ಹಳದಿ ಕಾಣುತ್ತಿರಲಿಲ್ಲ. 1860ರಲ್ಲಿ ರೋಜರ್ ಫೆಂಟನ್ ಲಂಡನ್ನಿನಲ್ಲಿ ದ್ರಾಕ್ಷಿ, ಪೀಚ್ ಜೋಡಿಸಿ ಸೊಗಸಾದ ಚಿತ್ರಗಳನ್ನು ತೆಗೆದ. ಅದೇ ಪ್ಲೇಟಿನ ಮುಂದೆ ನಮ್ಮ ಆಪೂಸು ಮಾವನ್ನು ಇಟ್ಟಿದ್ದರೆ ಕರ್ರಗೆ ಬರುತ್ತಿತ್ತು! 1873ರಲ್ಲಿ ಫೋಗೆಲ್ ಪ್ಲೇಟಿಗೆ ಬಣ್ಣದ ರಾಸಾಯನಿಕ ಸೇರಿಸಿ ಈ ಕುರುಡನ್ನು ವಾಸಿಮಾಡುವ ದಾರಿ ತೋರಿಸಿದ. ಆಮೇಲೆ 1907ರಲ್ಲಿ ಲುಮಿಯೇರ್ ಸಹೋದರರ ಆಟೋಕ್ರೋಮ್ ಬಂತು. ಆಲೂಗಡ್ಡೆಯ ಹಿಟ್ಟಿನ ಕಣಗಳಿಗೆ ಕಿತ್ತಳೆ, ಹಸಿರು, ನೇರಳೆ ಬಣ್ಣ ಹಾಕಿ ಗಾಜಿನ ಮೇಲೆ ಹರಡಿದರು. ಆ ಕಣಗಳ ಮೂಲಕ ಹಾದ ಬೆಳಕೇ ಬಣ್ಣದ ಚಿತ್ರವಾಯಿತು.

ಎಡಿಟಿಂಗ್ ಅನ್ನುವುದು ಕಂಪ್ಯೂಟರಿನ ಪಾಪ ಎನ್ನುವವರಿದ್ದಾರೆ. ಕತ್ತಲಕೋಣೆಯಲ್ಲಿ ಕಡ್ಡಿಗೆ ರಟ್ಟು ಸಿಕ್ಕಿಸಿ ಬೆಳಕು ತಡೆಯುವುದು, ಅಂಗೈ ಅಡ್ಡ ಹಿಡಿದು ಬೇಕಾದಲ್ಲಿ ಹೆಚ್ಚು ಬೆಳಕು ಬಿಡುವುದು ಹಳೆಯ ವಿದ್ಯೆ. 1990ರಲ್ಲಿ ಬಂದ ಫೋಟೋಶಾಪ್ ಆ ಎರಡು ಕೆಲಸಗಳಿಗೆ ಹಳೆಯ ಹೆಸರನ್ನೇ ಇಟ್ಟುಕೊಂಡಿತು, ಡಾಡ್ಜ್ ಮತ್ತು ಬರ್ನ್. ಅಲ್ಲಿಯವರೆಗೆ ಸರಿ. ಆದರೆ ಅಮೆರಿಕದ ಕ್ಯಾಂಪ್‌ಬೆಲ್ ಸೂಪ್ ಜಾಹೀರಾತಿನಲ್ಲಿ ಬಟ್ಟಲಿನ ತಳಕ್ಕೆ ಗಾಜಿನ ಗೋಲಿ ಹಾಕಿ ತರಕಾರಿಯನ್ನು ಮೇಲೆ ತೇಲಿಸಿದ್ದರು. ಸರ್ಕಾರದ ವ್ಯಾಪಾರ ಆಯೋಗ 1970ರ ಸುಮಾರಿಗೆ ಅದನ್ನು ನಿಲ್ಲಿಸಿತು. ಬ್ಯಾಂಕಿನಲ್ಲಿ ಮಾರ್ಚ್ ಕೊನೆಗೆ ಡಿಪಾಜಿಟ್ ಉಬ್ಬಿಸಿ ತೋರಿಸುವುದಕ್ಕೆ ವಿಂಡೋ ಡ್ರೆಸ್ಸಿಂಗ್ ಅನ್ನುತ್ತೇವಲ್ಲ, ಅದೇ ಇದು. ಕಣ್ಣು ಕಂಡದ್ದಕ್ಕೆ ಚಿತ್ರವನ್ನು ಹೊಂದಿಸುವುದು ಬೇರೆ, ಇಲ್ಲದ್ದನ್ನು ತೇಲಿಸುವುದು ಬೇರೆ.

ನಮ್ಮ ಹಳೆಯ ಆಲ್ಬಂಗಳನ್ನು ತೆರೆಯಿರಿ. ಮೂವತ್ತಾರು ಫ್ರೇಮಿನ ರೀಲು ಮದುವೆ, ನಾಮಕರಣ, ಗೇಟ್‌ವೇ ಆಫ್ ಇಂಡಿಯಾದ ಮುಂದೆ ನಿಂತದ್ದು, ಇಷ್ಟಕ್ಕೇ ಮುಗಿಯುತ್ತಿತ್ತು. ಅಮ್ಮನ ಹುಳಿಯ ಪಾತ್ರೆಗೆ ಒಂದು ಫ್ರೇಮ್ ಖರ್ಚು ಮಾಡಿದವರಿಲ್ಲ. ಮುಂಬಯಿಯಲ್ಲಿ ಹುಟ್ಟಿದ ಮಕ್ಕಳು ಅಜ್ಜಿಯ ಅಡುಗೆ ಹೇಗಿತ್ತು ಎಂದರೆ ತೋರಿಸಲು ನಮ್ಮಲ್ಲಿ ಏನೂ ಇಲ್ಲ. ಹಾಗಾಗಿ ಮನೆಯ ಅಡುಗೆಯ ಫೋಟೋ ತೆಗೆಯುವವರನ್ನು ನಾನು ನಗೆಯಾಡುವುದಿಲ್ಲ.

ತೆಗೆಯುವುದಾದರೆ ಟ್ಯೂಬ್‌ಲೈಟ್ ಆರಿಸಿ, ಅನ್ನದ ಮೇಲೆ ಹಸಿರು ಛಾಯೆ ಬರುತ್ತದೆ. ತಟ್ಟೆಯನ್ನು ಕಿಟಕಿಯ ಪಕ್ಕ ಇಡಿ, ಬೆಳಕು ಬದಿಯಿಂದ ಬರಲಿ. ಬಿಸಿಲು ನೇರ ಬಿದ್ದರೆ ಗ್ರಿಲ್ಲಿನ ನೆರಳು ಚಪಾತಿಯ ಮೇಲೆ ಜೈಲಿನ ಸರಳಿನಂತೆ ಕೂರುತ್ತದೆ, ಒಂದು ಬಿಳಿ ಪಂಚೆ ಕಟ್ಟಿ. ನೆರಳಿನ ಕಡೆ ಹಳೆಯ ಕ್ಯಾಲೆಂಡರ್ ತಿರುವಿ ನಿಲ್ಲಿಸಿ. ರಾಗಿಮುದ್ದೆ ಇದ್ದರೆ ಎಕ್ಸ್‌ಪೋಶರ್ ತುಸು ಇಳಿಸಿ. ಕ್ಯಾಮೆರಾ ಕಪ್ಪಾದದ್ದನ್ನೆಲ್ಲ ನಡುಬೂದಿಗೆ ಎಳೆಯುತ್ತದೆ, ಮುದ್ದೆ ಬಿಳುಚಿಕೊಂಡು ಬರುತ್ತದೆ. ಎಡಿಟ್ ಮಾಡುವಾಗಲೂ ಆ ಕಂದು ಬಣ್ಣವನ್ನು ಹೊಳೆಯಿಸಲು ಹೋಗಬೇಡಿ, ಅದು ಇರುವುದೇ ಹಾಗೆ.